ದೊಡ್ಡಮ್ಮನ ನೀರಿನ ಬಟ್ಟಲು

ಮಾರ್ಚ್ 3, ಸೋಮವಾರ

ದೊಡ್ಡಮ್ಮ ಸತ್ತು ಇಂದಿಗೆ ನಾಲ್ಕನೇ ದಿನ.

ಮುಂದೊಂದು ದಿನ ಇದನ್ನು ನಾನೇ ತೆಗೆದು ಓದಿ, ಯಾರೋ ನೆಂಟರು ತೀರಿಕೊಂಡಿದ್ದರೆಂದು ತಿಳಿಯಬಾರದು. ದೊಡ್ಡಮ್ಮ ಎಂದರೆ ಜೇಡ. ಅಂಗೈ ಅಗಲದ, ಮೈತುಂಬ ಕಂದು ಕೂದಲಿನ ಟರಾಂಟುಲಾ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನಮ್ಮ ಅತ್ತೆ ಮಕ್ಕಳಿಗೆ ತೋರಿಸಲೆಂದು ತಂದದ್ದು. ನಿವೃತ್ತಿಯ ದಿನ ಬೇರೆಯವರೆಲ್ಲ ಗೋಡೆ ಗಡಿಯಾರ ಹಿಡಿದು ಮನೆಗೆ ಬಂದರೆ ಇವರು ಗಾಜಿನ ಪೆಟ್ಟಿಗೆ ಹಿಡಿದು ಬಂದರು. ಹದಿನಾಲ್ಕು ವರ್ಷ ಸಾಕಿದರು.

ಅದನ್ನು ಕೊಂದದ್ದು ನಾನು. ಬರೆದಾಯಿತು. ಬರೆಯುವುದು ಸುಲಭ, ಪುಸ್ತಕ ಮುಖ ಎತ್ತಿ ನೋಡುವುದಿಲ್ಲ.

ನನ್ನ ಕೆಲಸವೇ ಕೊಲ್ಲುವುದು. ಬೆನ್ನಿಗೆ ಡಬ್ಬ ಕಟ್ಟಿಕೊಂಡು ಮನೆಮನೆಗೆ ಹೋಗಿ ಜಿರಲೆ, ಇರುವೆ, ತಿಗಣೆಗೆ ಔಷಧಿ ಹೊಡೆಯುತ್ತೇನೆ. ಹೋದ ಗುರುವಾರ ಅತ್ತೆ ಹಳೆಯ ಗೆಳತಿಯ ಮನೆಗೆ ಹೋಗಿದ್ದರು. ಅವರ ಕೋಣೆಯಲ್ಲಿ ಇರುವೆ ಸಾಲೊಂದು ನೇರವಾಗಿ ದೊಡ್ಡಮ್ಮನ ಪೆಟ್ಟಿಗೆಯ ಕಡೆಗೆ ಹೊರಟಿತ್ತು. ಉಪಕಾರ ಮಾಡೋಣವೆಂದು ವಾಸನೆಯಿಲ್ಲದ ಔಷಧಿಯನ್ನೇ ತಂದೆ. ನಮ್ಮ ಕೆಲಸದಲ್ಲಿ ಎರಡು ನಿಯಮ. ಕೋಣೆಯಲ್ಲಿ ತೆರೆದ ನೀರು ಇರಬಾರದು. ಪ್ರಾಣಿಯಿದ್ದರೆ ಮುಚ್ಚಬೇಕು. ದೊಡ್ಡಮ್ಮನ ನೀರಿನ ಬಟ್ಟಲನ್ನು ಉದ್ದ ಚಿಮಟದಲ್ಲಿ ಎತ್ತಿ ನೀರು ಚೆಲ್ಲಿ, ಬಟ್ಟಲನ್ನು ಅಲ್ಲೇ ಇಟ್ಟೆ. ಕೆಲಸದ ಚೀಲದಿಂದ ದಪ್ಪ ಬಟ್ಟೆ ತೆಗೆದು ಪೆಟ್ಟಿಗೆಗೆ ಹೊದಿಸಿದೆ. ಆ ಬಟ್ಟೆ ಎರಡು ವರ್ಷದಿಂದ ಎಷ್ಟು ಮನೆಗಳ ಔಷಧಿ ಕುಡಿದಿದೆಯೋ! ಕೊಡೆ ಹಿಡಿದೆನೆಂದುಕೊಂಡು ವಿಷವನ್ನೇ ಹೊದಿಸಿದ್ದೆ. ಸಂಜೆ ಬಟ್ಟೆ ತೆಗೆದೆ. ಬಟ್ಟಲಿಗೆ ನೀರು ತುಂಬಲು ಮರೆತೆ.

ಮರುದಿನ ಬೆಳಿಗ್ಗೆ ದೊಡ್ಡಮ್ಮನ ಕಾಲುಗಳು ನಡುಗುತ್ತಿದ್ದವು. ಆ ನಡುಕ ನನಗೆ ಗೊತ್ತು, ದಿನಾ ನೋಡುವಂಥದು. ಅತ್ತೆ ಅದನ್ನು ನೋಡುವ ಹೊತ್ತಿಗೆ ನಡುಕ ನಿಂತು ಕಾಲೆಲ್ಲ ಹೊಟ್ಟೆಯ ಕೆಳಗೆ ಮಡಚಿಕೊಂಡಿದ್ದವು.

"ಬಟ್ಟಲು ಒಣಗಿದೆ" ಎಂದರು ಅತ್ತೆ. ತಮ್ಮ ನೋಟ್‌ಬುಕ್ ತೆರೆದರು. ನೀರು ಹಾಕಿದ ದಿನವೆಲ್ಲ ಒಂದೊಂದು ಗುರುತು ಹಾಕುವುದು ಅವರ ಪದ್ಧತಿ. ಗುರುವಾರದ ಗುರುತೂ ಇತ್ತು. "ಒಂದಿನ ನೀರಿಲ್ದಿದ್ರೆ ಇದು ಸಾಯಲ್ಲ. ಎಷ್ಟು ದಿನದಿಂದ ಖಾಲಿಯಿತ್ತೋ. ಅಂದ್ರೆ ಎಷ್ಟು ದಿನದಿಂದ ನಾನು ನೀರು ಹಾಕ್ದೆ ಬರೀ ಗುರುತು ಹಾಕ್ಕೊಂಡು ಬಂದಿದೀನಿ?"

ನಾನು ಹಿಂದೆಯೇ ನಿಂತಿದ್ದೆ. ಬಾಯಿಯನ್ನೂ ತೆರೆದೆ. ಅದರಿಂದ ಬಂದದ್ದು, "ಈ ಸಲ ಬಿಸಿಲು ಜಾಸ್ತಿ ಅಲ್ವಾ ಅತ್ತೆ?"

ಮಾರ್ಚ್ 4, ಮಂಗಳವಾರ

ಫ್ರಿಜ್ಜಿನ ಮೇಲೆ ಚೀಟಿ: "ಹಾಲು ಒಳಗಿಟ್ಟಿದ್ದೇನೆ." ನಲ್ಲಿಯ ಮೇಲೆ ಚೀಟಿ: "ನಿಲ್ಲಿಸಿದ್ದೀಯಾ?" ಅತ್ತೆಯ ಅಕ್ಷರ ದುಂಡಗೆ, ಕರಿಹಲಗೆಯ ಮೇಲೆ ಬರೆದಂತಿದೆ. ನನ್ನವಳು ಒಂದೊಂದನ್ನೂ ಓದಿ ನನ್ನ ಮುಖ ನೋಡಿದಳು.

"ಅಮ್ಮಂಗೆ ವಯಸ್ಸಾಯ್ತು ರೀ."

"ಎಪ್ಪತ್ತೆರಡು ಒಂದು ವಯಸ್ಸೇನೇ?"

"ಮತ್ತೆ ಜೇಡಕ್ಕೆ ನೀರು ಹಾಕೋದನ್ನ ಮರೀತಾರೆ ಅಂದ್ರೆ? ನನಗೆ ಊಟ ಹಾಕೋದನ್ನ ಎಷ್ಟೋ ಸಲ ಮರೆತಿದಾರೆ, ಅದಕ್ಕೆ ಮರೆತಿರಲಿಲ್ಲ."

ಇಬ್ಬರೂ ನಕ್ಕೆವು. ನಾನು ಸ್ವಲ್ಪ ಜೋರಾಗಿಯೇ ನಕ್ಕೆ.

ಮಾರ್ಚ್ 6, ಗುರುವಾರ

ಉಪಾಯ ಹೊಳೆಯಿತು. ಹೇಳಿ ನೋಯಿಸುವುದಕ್ಕಿಂತ ಇನ್ನೊಂದನ್ನು ತಂದುಕೊಟ್ಟರೆ ಲೆಕ್ಕ ಸರಿಹೋಗುತ್ತದೆ.

ಸಾಕುಪ್ರಾಣಿ ಅಂಗಡಿಯವನು ಬೆಂಕಿಪೊಟ್ಟಣದಷ್ಟಿದ್ದ ಡಬ್ಬಿಯೊಂದನ್ನು ಮುಂದಿಟ್ಟ. ನಾನು ಕನ್ನಡಕ ಏರಿಸಿದೆ, ಇಳಿಸಿದೆ.

"ಇದರಲ್ಲಿ ಏನಿದೆಯಪ್ಪಾ?"

"ಟರಾಂಟುಲಾನೇ ಸಾರ್, ಮರಿ. ಅಲ್ಲಿ, ಮೂಲೇಲಿ."

ಕರಿಮೆಣಸಿನ ಕಾಳಿಗೆ ಎಂಟು ಕಾಲು ಅಂಟಿಸಿದಂತಿತ್ತು.

"ದೊಡ್ಡದು ಇಲ್ವಾ?"

"ದೊಡ್ಡದು ಬೇಕಂದ್ರೆ ಇದನ್ನೇ ತಗೊಂಡು ಐದು ವರ್ಷ ಕಾಯಿರಿ. ಹೆಣ್ಣಾದ್ರೆ ಇಪ್ಪತ್ತು ವರ್ಷ ಬದುಕುತ್ತೆ. ನೀವು ಏನ್ ಕೆಲಸ ಮಾಡ್ತೀರಿ ಸಾರ್?"

"ಮನೆಮನೆಗೆ ಹೋಗೋ ಕೆಲಸ" ಎಂದೆ. ಅಂಗಿಯ ಮೇಲೆ ನಮ್ಮ ಸಂಸ್ಥೆಯ ಚಿತ್ರವಿದೆ, ಸತ್ತು ಬಿದ್ದ ಜಿರಲೆಯದು. ಅದರ ಮೇಲೆ ಕೈಯಿಟ್ಟುಕೊಂಡೇ ಡಬ್ಬಿ ತೆಗೆದುಕೊಂಡೆ.

ತೆಂಗಿನ ನಾರಿನ ಪುಡಿಯ ಪೊಟ್ಟಣವನ್ನೂ ಕೊಟ್ಟ. ಮರಿಗೆ ಮಣ್ಣಿನ ಬದಲು ಅದೇ ನೆಲ. ಮರಿಯನ್ನು ಜೇಬಿನಲ್ಲಿಟ್ಟುಕೊಂಡು ಪೊಟ್ಟಣವನ್ನು ಕೆಲಸದ ವ್ಯಾನಿನ ಹಿಂಭಾಗದಲ್ಲಿ ಇಟ್ಟೆ. ಮನೆ ತಲುಪಿದ ಮೇಲೆ ನೋಡಿದರೆ ಅದು ಔಷಧಿ ಡಬ್ಬಗಳಿಗೆ ಒರಗಿ ಕೂತಿತ್ತು. ಹಾಗೇ ಕಸದ ಡಬ್ಬಕ್ಕೆ ಎಸೆದು, ನಡೆದುಕೊಂಡು ಹೋಗಿ ಇನ್ನೊಂದು ತಂದೆ.

"ಆಗ್ಲೇ ಖಾಲಿಯಾಯ್ತಾ?" ಎಂದ ಅಂಗಡಿಯವನು.

ಮಾರ್ಚ್ 8, ಶನಿವಾರ

ಅತ್ತೆ ಡಬ್ಬಿಯನ್ನು ನೋಡಿದರು. ಮುಟ್ಟಲಿಲ್ಲ.

"ಅಳಿಯಂದ್ರೇ, ಇದನ್ನ ವಾಪಸ್ ಕೊಟ್ಟು ಬನ್ನಿ."

"ನಿಮಗೋಸ್ಕರ ತಂದೆ ಅತ್ತೆ."

"ಅದಕ್ಕೇ ಹೇಳ್ತಿರೋದು. ಅಷ್ಟು ದೊಡ್ಡದನ್ನೇ ಒಣಗಿಸಿ ಕೊಂದವಳು ನಾನು. ಇದು ಉಗುರಷ್ಟಿಲ್ಲ."

"ನೀವು ಕೂತಲ್ಲೇ ಹೇಳಿ, ಕೈಕೆಲಸ ನಾನು ಮಾಡ್ತೀನಿ."

ಅವರು ನನ್ನನ್ನು ಪರೀಕ್ಷೆ ಬರೆಯಲು ಬಂದ ದಡ್ಡ ಹುಡುಗನನ್ನು ನೋಡಿದಂತೆ ನೋಡಿದರು. ಆಮೇಲೆ ಎದ್ದು ಹೋಗಿ ದೊಡ್ಡಮ್ಮನ ಗಾಜಿನ ಪೆಟ್ಟಿಗೆಯನ್ನು ಒರೆಸತೊಡಗಿದರು. "ಮರಿಗೆ ಈಗ್ಲೇ ಇದು ಬೇಡ, ಆದ್ರೆ ಬೆಳೆದ ಮೇಲೆ ಬೇಕಾಗುತ್ತೆ. ಒರೆಸಿಡೋಣ."

ಆ ಪೆಟ್ಟಿಗೆಯ ಜಾಲರಿ ಮುಚ್ಚಳದ ಎಳೆಎಳೆಯಲ್ಲೂ ನನ್ನ ಔಷಧಿಯಿದೆ. ಎಷ್ಟು ತೊಳೆದರೂ ಹೋಗದ ಜಾತಿ ಅದು. ಆರು ತಿಂಗಳ ಗ್ಯಾರಂಟಿ ಎಂದು ಗಿರಾಕಿಗಳಿಗೆ ನಾನೇ ಹೇಳುತ್ತೇನೆ.

"ನಾನು ತೊಳ್ಕೊಂಡು ಬರ್ತೀನಿ ಕೊಡಿ" ಎಂದು ತೆಗೆದುಕೊಂಡೆ. ಹಿತ್ತಲ ಮೆಟ್ಟಿಲ ಮೇಲೆ ಕೈ ಬಿಟ್ಟೆ. ಜಾರಿತು ಎಂದು ಬರೆಯಲು ಹೊರಟಿದ್ದೆ. ಇಲ್ಲ, ಬಿಟ್ಟೆ.

ಸದ್ದು ಕೇಳಿ ಅತ್ತೆ ಬಂದರು. ಹದಿನಾಲ್ಕು ವರ್ಷದ ಪೆಟ್ಟಿಗೆ ಮೆಟ್ಟಿಲುಗಳ ಮೇಲೆಲ್ಲ ಹೊಳೆಯುತ್ತಿತ್ತು.

"ಕಾಲಿಗೆ ಚುಚ್ಚಿತಾ?" ಎಂದರು. "ಹೋಗ್ಲಿ ಬಿಡಿ. ನಾನು ಮರೀತೀನಿ, ನೀವು ಬೀಳಿಸ್ತೀರಿ. ಈ ಮನೇಲಿ ಮುದುಕಿ ನಾನೊಬ್ಳೇ ಅಲ್ಲ ಅಂತ ಆಯ್ತು."

ಬೈದಿದ್ದರೆ ಒಳ್ಳೆಯದಿತ್ತು.

ಮಾರ್ಚ್ 9, ಭಾನುವಾರ

ಮರಿಗೆ ಮನೆ ಕಟ್ಟಿದೆವು. ಇಡೀ ಬೆಳಗು ಹಿಡಿಯಿತು. ನನ್ನ ಮದುವೆಯ ಹೊತ್ತಿನಲ್ಲಿ ಬಾಡಿಗೆ ಮನೆ ಹುಡುಕುವಾಗಲೂ ಅತ್ತೆ ಇಷ್ಟು ತಕರಾರು ತೆಗೆದಿರಲಿಲ್ಲ.

ನಾನು ಐದು ಲೀಟರಿನ ಪ್ಲಾಸ್ಟಿಕ್ ಡಬ್ಬ ತಂದಿದ್ದೆ.

"ಇದ್ಯಾತಕ್ಕೆ? ಇಷ್ಟು ದೊಡ್ಡ ಬಯಲಲ್ಲಿ ಬಿಟ್ರೆ ಅದು ಊಟ ಹುಡುಕ್ಕೊಂಡು ಅಲೆದೇ ಸಾಯುತ್ತೆ. ಚಿಕ್ಕದು ತನ್ನಿ. ಕೈಯಲ್ಲಿ ಮುಚ್ಚಿದ್ರೆ ಮುಚ್ಚೋ ಹಾಗಿರಬೇಕು."

ಕೊನೆಗೆ ಒಪ್ಪಿಗೆಯಾದದ್ದು ಔಷಧಿ ಅಂಗಡಿಯಲ್ಲಿ ಹತ್ತಿ ಹಾಕಿಕೊಡುವ ಪಾರದರ್ಶಕ ಡಬ್ಬಿ. ಗಾಳಿಗೆ ತೂತು ಬೇಕು. ನಾನು ಸೂಜಿ ಕಾಯಿಸಿ ಹೊರಗಿನಿಂದ ಚುಚ್ಚಿದೆ.

"ಒಳಗಡೆ ಕೈಯಾಡಿಸಿ ನೋಡಿ."

ತೂತಿನ ಅಂಚೆಲ್ಲ ಒಳಗೆ ಮುಳ್ಳುಮುಳ್ಳಾಗಿತ್ತು.

"ಹತ್ತಿ ಇಳಿಯುವಾಗ ಹೊಟ್ಟೆ ಹರ್ಕೊಳ್ಳುತ್ತೆ. ಒಳಗಿಂದ ಹೊರಕ್ಕೆ ಚುಚ್ಚಬೇಕು. ಇನ್ನೊಂದು ಡಬ್ಬಿ."

ನಾರಿನ ಪುಡಿಯನ್ನು ನೆನೆಸಿ ಹಿಂಡಿದೆ. ಹಿಂಡಿದರೆ ಹನಿ ಬೀಳಬಾರದು, ಬಿಟ್ಟರೆ ಉದುರಬಾರದು. ಡಬ್ಬಿಯ ಮುಕ್ಕಾಲು ಭಾಗ ತುಂಬಿಸಿದೆವು, ಮೇಲೆ ಜಾಗ ಕಡಿಮೆ. ಎತ್ತರದಿಂದ ಬಿದ್ದರೆ ಈ ಜಾತಿಯ ಹೊಟ್ಟೆ ಒಡೆಯುತ್ತದಂತೆ. ಒಂದು ಚೂರು ಮರದ ತೊಗಟೆ ಓರೆಯಾಗಿಟ್ಟು, ಅದರಡಿಯಲ್ಲಿ ಪೆನ್ಸಿಲ್ಲಿನಿಂದ ಕುಳಿ ಮಾಡಿದೆ. ಮೂಲೆಯಲ್ಲಿ ನೀರಿಗೆ ಮುಲಾಮಿನ ಟ್ಯೂಬಿನ ಮುಚ್ಚಳ. ಅತ್ತೆಯ ಕೈ ಸಾಮಾನು ಎತ್ತಿಕೊಡಲು ಎರಡು ಸಲ ಮುಂದೆ ಬಂತು, ಎರಡು ಸಲವೂ ತಾನಾಗಿ ಹಿಂದೆ ಹೋಯಿತು.

ಮರಿಯನ್ನು ಬಣ್ಣದ ಕುಂಚದ ತುದಿಯಿಂದ ಮೆಲ್ಲನೆ ತಳ್ಳಿದೆ. ಒಂದು ಕ್ಷಣ ನಿಂತಿತು. ಆಮೇಲೆ ಸರಕ್ಕನೆ ಓಡಿ ಕುಳಿಯೊಳಗೆ.

"ಮನೆ ಇಷ್ಟವಾಯ್ತು" ಎಂದೆ.

"ಹೆದರಿ ಓಡಿತು" ಎಂದರು ಅತ್ತೆ. ಆದರೂ ಹತ್ತು ದಿನದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಪಾಠ ಹೇಳುವವರ ಕಳೆ ಬಂದಿತ್ತು. ಹೊಸ ನೋಟ್‌ಬುಕ್ಕಿನಲ್ಲಿ ನೀರು ಹಾಕಿದ ಗುರುತನ್ನು ನನ್ನ ಕೈಯಲ್ಲೇ ಹಾಕಿಸಿದರು.

ಹೆಸರಿಡಿ ಎಂದೆ. ಬೇಡವಂತೆ.

ಮಾರ್ಚ್ 12, ಬುಧವಾರ

ಮಿಡತೆಮರಿಯ ಕಾಲೊಂದನ್ನು ತಿಂದಿತು. ನಾನೇ ಚಿಮಟದಲ್ಲಿ ಹಿಡಿದು ಕುಳಿಯ ಬಾಯಲ್ಲಿಟ್ಟೆ. ಕಾಲಿಗಿಂತ ತಿನ್ನುವವನೇ ಚಿಕ್ಕವನು. ಎಳೆದುಕೊಂಡು ಒಳಗೆ ಹೋದ ಗತ್ತು ನೋಡಬೇಕಿತ್ತು.

ಡಬ್ಬಿ ಮುಟ್ಟುವ ಮೊದಲು ಸ್ನಾನ ಮಾಡುತ್ತೇನೆ. ಕೆಲಸದ ಬಟ್ಟೆ ಹಿತ್ತಲಲ್ಲೇ ಬಿಚ್ಚಿ ಬಕೆಟ್ಟಿಗೆ ಹಾಕುತ್ತೇನೆ. ನನ್ನವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ರೀ, ದಿನಾ ಎರಡೆರಡು ಸ್ನಾನ? ಮದುವೆಯಾದ ಹೊಸದ್ರಲ್ಲೂ ಇಷ್ಟು ಕಾಳಜಿ ಇರಲಿಲ್ಲ. ಯಾರದು ಹೇಳ್ಬಿಡಿ."

"ಎಂಟು ಕಾಲಿನವಳು ಕಣೇ."

"ನಮ್ಮಮ್ಮನ ಮೇಲೆ ಇಷ್ಟು ಪ್ರೀತಿ ಇದೆ ಅಂತ ಗೊತ್ತೇ ಇರಲಿಲ್ಲ" ಎಂದಳು. ತಮಾಷೆಗಲ್ಲ. ಕಣ್ಣು ಒದ್ದೆಯಾಗಿತ್ತು. ನಾನು ಟವೆಲ್ ಹುಡುಕಿದೆ.

ಮಾರ್ಚ್ 15, ಶನಿವಾರ

ಶನಿವಾರ ಬೆಳಿಗ್ಗೆ ಬೀದಿಯ ಮಕ್ಕಳು ಅತ್ತೆಯ ಹತ್ತಿರ ವಿಜ್ಞಾನ ಕಲಿಯಲು ಬರುತ್ತಾರೆ. ಇವತ್ತು ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟರು.

"ಯಾಕೆ ಅತ್ತೆ?"

"ತಪ್ಪು ಹೇಳ್ಕೊಟ್ರೆ? ನನಗೆ ಗೊತ್ತಿಲ್ಲ ಅನ್ನೋದೇ ನನಗೆ ಗೊತ್ತಾಗದೇ ಇದ್ರೆ? ನೀರು ಹಾಕಿದ ನೆನಪು ಎಷ್ಟು ಚೆನ್ನಾಗಿದೆ ಗೊತ್ತಾ ಅಳಿಯಂದ್ರೇ? ಜಗ್ ಎತ್ತಿದ್ದು, ತಣ್ಣಗಿದ್ದದ್ದು, ಒಂದು ಹನಿ ಕೈಮೇಲೆ ಬಿದ್ದದ್ದು. ಅದೆಲ್ಲ ಆಗೇ ಇಲ್ಲ ಅಂದ್ರೆ ಉಳಿದದ್ದರಲ್ಲಿ ಯಾವುದನ್ನ ನಂಬಲಿ?"

ಆ ಹನಿ ನಿಜ ಅತ್ತೆ, ಎನ್ನಬೇಕಿತ್ತು. ನಾಲ್ಕೇ ಪದ. ಬೂಟಿನ ದಾರ ಕಟ್ಟಿಕೊಂಡು ಕೆಲಸಕ್ಕೆ ಹೋದೆ. ನನ್ನದು ದಾರವಿಲ್ಲದ ಬೂಟು.

ಗ್ಯಾಸ್ ಒಲೆಯ ಹತ್ತಿರವೂ ಅವರು ಹೋಗುತ್ತಿಲ್ಲ. ನನ್ನವಳು ದಂತವೈದ್ಯರ ಕ್ಲಿನಿಕ್ಕಿಗೆ ಕೆಲಸಕ್ಕೆ ಹೊರಡುವ ಮೊದಲು ಸಿಲಿಂಡರಿನ ಗುಬುಟು ತಿರುಗಿಸಿ ಆರಿಸಿ, ಫ್ಲಾಸ್ಕಿನಲ್ಲಿ ಚಹಾ ಇಟ್ಟು ಹೋಗುತ್ತಾಳೆ. ಅತ್ತೆ ಫ್ಲಾಸ್ಕಿನ ಚಹಾ ಕುಡಿಯುವುದನ್ನು ನಾನು ಇಪ್ಪತ್ತು ವರ್ಷದಲ್ಲಿ ಕಂಡದ್ದಿಲ್ಲ. ಈಗ ಕುಡಿಯುತ್ತಾರೆ.

ಮಾರ್ಚ್ 18, ಮಂಗಳವಾರ

ಒಂದು ಮನೆಯ ಸ್ನಾನದ ಕೋಣೆ, ಕನ್ನಡಿಯ ಹಿಂದೆ ಉದ್ದಕಾಲಿನ ಜೇಡ. ಮನೆಯೊಡತಿ ಹೊರಗೆ ನಿಂತು "ಸತ್ತಿತಾ? ಸತ್ತಿತಾ?" ಎನ್ನುತ್ತಿದ್ದರು. ಜೊತೆಗಾರ ಉದ್ದಣ್ಣ ನಳಿಗೆ ಎತ್ತಿದ. ಬಾಗಿಲ ಚೌಕಟ್ಟಿಗೆ ತಲೆ ತಾಗುವ ಆಳು, ನಮ್ಮ ವ್ಯಾನ್ ಓಡಿಸುವವನೂ ಅವನೇ. ನಾನು ಪೇಸ್ಟು ಬ್ರಷ್ಷಿನ ಲೋಟ ಮುಚ್ಚಿ, ಕೆಳಗೆ ಕಾಗದ ತೂರಿಸಿ, ಕಿಟಕಿಯಾಚೆ ಬಿಟ್ಟೆ.

"ಏನೋ ಇದು?" ಎಂದ ಉದ್ದಣ್ಣ. "ಬಂದದ್ದು ಕೊಲ್ಲೋಕೆ, ಮಾಡ್ತಿರೋದು ಬೀಳ್ಕೊಡುಗೆ."

"ಔಷಧಿ ಉಳೀತು ಬಿಡು" ಎಂದೆ.

ಬೇರೆ ವಿಶೇಷವೇನೂ ಇಲ್ಲ.

ಮಾರ್ಚ್ 20, ಗುರುವಾರ

ಮೆಣಸು (ಮರಿಗೆ ನಾನೇ ಇಟ್ಟುಕೊಂಡ ಹೆಸರು) ಊಟ ಬಿಟ್ಟಿದೆ. ಕುಳಿಯ ಬಾಯಿಗೆ ಬಲೆ ಹಾಕಿ ಮುಚ್ಚಿಕೊಂಡಿದೆ. ಹೊಟ್ಟೆ ಕಪ್ಪಾಗಿ ಉಬ್ಬಿದೆ.

"ಪೊರೆ ಬಿಡೋ ಮುಂಚೆ ಹೀಗಾಗುತ್ತೆ ಅಂತ ನೆನಪು" ಎಂದರು ಅತ್ತೆ. ಕೂಡಲೇ, "ನೆನಪು ಅಂದ್ರೆ, ನನ್ನ ನೆನಪು" ಎಂದರು.

ನನ್ನವಳು ಏಪ್ರಿಲ್ ಎರಡಕ್ಕೆ ನರಗಳ ಡಾಕ್ಟರ ಹತ್ತಿರ ಸಮಯ ಗೊತ್ತು ಮಾಡಿದ್ದಾಳೆ. ಮರೆವಿನ ಪರೀಕ್ಷೆಯಂತೆ. ಅತ್ತೆ ತಕರಾರು ಮಾಡುತ್ತಾರೆಂದುಕೊಂಡಿದ್ದೆ. "ಆಗ್ಲಮ್ಮ" ಎಂದರು. ಅಷ್ಟೇ. ಆ ಧ್ವನಿ ಅವರದಾಗಿರಲಿಲ್ಲ.

ಸಂಜೆ ಅವರ ಹಳೆಯ ನೋಟ್‌ಬುಕ್ ಕೇಳಿ ತೆಗೆದುಕೊಂಡೆ, ಮೆಣಸಿನ ವಿಚಾರ ತಿಳಿಯೋಣವೆಂದು. ಹದಿನಾಲ್ಕು ವರ್ಷದ ಬರಹ. ಒಂದೆಡೆ ಕೆಂಪು ಶಾಯಿಯಲ್ಲಿ ಹೀಗಿದೆ: "ಬೆನ್ನಿನ ಮೇಲೆ ಮಲಗಿ ಕಾಲು ಮೇಲೆ ಮಾಡಿದ್ದರೆ ಸತ್ತಿಲ್ಲ, ಪೊರೆ ಬಿಡುತ್ತಿದೆ. ಮುಟ್ಟಬಾರದು, ಉಸಿರೂ ಬಿಡಬಾರದು. ಮೈ ಹಾಲಿನ ಕೆನೆಯ ಹಾಗಿರುತ್ತದೆ. ಸತ್ತದ್ದು ನೆಟ್ಟಗೆ ಕೂತು ಕಾಲನ್ನು ಹೊಟ್ಟೆಯಡಿ ಮಡಚಿಕೊಳ್ಳುತ್ತದೆ. ಮಕ್ಕಳಿಗೆ ಈ ವ್ಯತ್ಯಾಸ ಮೊದಲು ಹೇಳಬೇಕು."

ಕೊನೆಯ ಪುಟದಲ್ಲಿ ಫೆಬ್ರವರಿ 28. "ನನ್ನ ಮರೆವಿನಿಂದ ಸತ್ತಿತು" ಎಂದು ಬರೆದು ಸಹಿ ಹಾಕಿದ್ದಾರೆ. ಸಹಿ ಯಾಕೆ ಹಾಕಬೇಕಿತ್ತು?

ಮಾರ್ಚ್ 22, ಶನಿವಾರ

ಇವತ್ತು ಹೇಳಬೇಕೆಂದಿದ್ದೆ. ಹೇಳಲಿಲ್ಲ.

ಮಾರ್ಚ್ 23, ಭಾನುವಾರ

ಇವತ್ತೂ.

ಮಾರ್ಚ್ 25, ಮಂಗಳವಾರ

ಮಧ್ಯಾಹ್ನ ಕೆಲಸ ಬೇಗ ಮುಗಿಯಿತು. ಹಿತ್ತಲಲ್ಲಿ ಬಟ್ಟೆ ಬದಲಿಸಿ, ಸ್ನಾನ ಮಾಡಿ ಅತ್ತೆಯ ಕೋಣೆಗೆ ಹೋದೆ. ಅವರು ಡಬ್ಬಿಯ ಮುಚ್ಚಳ ತೆಗೆದು ಚಮಚ ಹಿಡಿದು ನಿಂತಿದ್ದರು.

"ಇದೂ ಹೋಯ್ತು ಅಳಿಯಂದ್ರೇ."

ಬಗ್ಗಿ ನೋಡಿದೆ. ಮೆಣಸು ಬಲೆ ಹರಿದು ಮೇಲೆ ಬಂದು ಬೆನ್ನಿನ ಮೇಲೆ ಮಲಗಿತ್ತು. ಎಂಟೂ ಕಾಲು ಆಕಾಶಕ್ಕೆ.

ನನ್ನ ಕೈ, ನನ್ನ ಬಟ್ಟೆ, ನನ್ನ ಉಗುರಿನ ಸಂದು ಎಂದೆಲ್ಲ ಒಂದೇ ಉಸಿರಿಗೆ ನೆನಪಾಯಿತು. ಆಮೇಲೆ ಕೆಂಪು ಶಾಯಿ ನೆನಪಾಯಿತು.

"ಅತ್ತೆ, ಬೆನ್ನಿನ ಮೇಲಿದೆ. ಪೊರೆ ಬಿಡ್ತಾ ಇದೆ."

"ಇಲ್ಲ. ಅಲ್ಲಾಡ್ತಾ ಇಲ್ಲ."

"ನೀವೇ ಬರೆದಿದೀರಲ್ಲ, ಮಕ್ಕಳಿಗೆ ಮೊದಲು ಹೇಳಬೇಕು ಅಂತ."

"ಬರೆದಿರಬಹುದು. ಗುರುತೂ ಹಾಕಿದ್ದೆ." ಅವರ ಧ್ವನಿಯಲ್ಲಿ ಅಳುವಿರಲಿಲ್ಲ, ಬರೀ ದಣಿವು. "ನೀರಿನ ಮುಚ್ಚಳದಲ್ಲಿ ಒಂದು ಹನಿಯೂ ಇಲ್ಲ ನೋಡಿ. ನಾನು ಮತ್ತೆ ಮರೆತಿದೀನಿ."

"ಈ ಡಬ್ಬಿಗೆ ನೀರು ಹಾಕೋದು ನಾನು ಅತ್ತೆ, ನೀವಲ್ಲ. ಮರಿಯೇ ನಾರಿನ ಪುಡಿ ತಳ್ಳಿ ಅದನ್ನ ಮುಚ್ಚಿದೆ, ನೋಡಿ."

"ನನಗೆ ಸಮಾಧಾನ ಹೇಳ್ಬೇಡಿ. ಎಳೆದು ಹಾಕಿಬಿಡ್ತೀನಿ. ಡಬ್ಬೀಲಿ ಕೊಳೆಯೋದು ಬೇಡ."

ಚಮಚ ಡಬ್ಬಿಯೊಳಗೆ ಇಳಿಯಿತು. ಹದಿನಾಲ್ಕು ವರ್ಷ ನೋಡಿದ್ದನ್ನು, ಕೆಂಪು ಶಾಯಿಯಲ್ಲಿ ಬರೆದದ್ದನ್ನು ಆ ಕೈ ನಂಬುತ್ತಿರಲಿಲ್ಲ. ನೋಟ್‌ಬುಕ್ ತೋರಿಸಿದರೂ ಪ್ರಯೋಜನವಿಲ್ಲ, ಅದೂ ಅವರದೇ ಬರಹ. ಅವರ ಕೈಯನ್ನು ನಿಲ್ಲಿಸಬಲ್ಲ ಮಾತು ಒಂದೇ ಇತ್ತು.

"ದೊಡ್ಡಮ್ಮನ ನೀರು ಚೆಲ್ಲಿದ್ದು ನಾನು."

ಚಮಚ ನಿಂತಿತು.

"ಗುರುವಾರ ನೀವು ಹೋದ ಮೇಲೆ ಈ ಕೋಣೆಗೆ ಔಷಧಿ ಹೊಡೆದೆ. ಬಟ್ಟಲಿನ ನೀರು ಚೆಲ್ಲಿದೆ. ನೀವು ಹಾಕಿದ ನೀರು, ತುಂಬಾ ಇತ್ತು. ನನ್ನ ಕೆಲಸದ ಬಟ್ಟೆ ಹೊದಿಸಿದೆ, ಅದರಲ್ಲಿ ವಿಷ ಇತ್ತು. ಅದರಿಂದ ಸತ್ತಿತು. ಪೆಟ್ಟಿಗೇನೂ ಬೇಕಂತಲೇ ಒಡೆದೆ. ನೀವು ಒಂದಿನಾನೂ ನೀರು ಮರೆತಿಲ್ಲ ಅತ್ತೆ."

ಅತ್ತೆ ಚಮಚವನ್ನು ಬಹಳ ನಿಧಾನವಾಗಿ, ಡಬ್ಬಿಗೆ ತಾಗದಂತೆ ಹೊರಗೆ ತೆಗೆದರು. ಮುಚ್ಚಳ ಹಾಕಿದರು. ಕುರ್ಚಿಯಲ್ಲಿ ಕೂತರು. ನಾನು ನಿಂತೇ ಇದ್ದೆ. ಗೋಡೆಯಾಚೆ ಪಕ್ಕದ ಮನೆಯವರ ಬಟ್ಟೆ ಒಗೆಯುವ ಯಂತ್ರ ಗುಡುಗುಡು ಎಂದು ತಿರುಗಿ ನಿಂತಿತು, ಮತ್ತೆ ತಿರುಗಿತು.

ಬಹಳ ಹೊತ್ತಿನ ಮೇಲೆ ಡಬ್ಬಿಯೊಳಗೆ ಏನೋ ಅಲುಗಿತು. ಬೆನ್ನಿನ ಅಂಚು ಬಿರಿದು, ಹಳೆಯ ಕೈಗವಸಿನಿಂದ ಬೆರಳು ಎಳೆದುಕೊಂಡಂತೆ, ಬಿಳಿಯ ಕಾಲೊಂದು ಈಚೆ ಬಂತು. ಅತ್ತೆ ಅದನ್ನೇ ನೋಡುತ್ತಿದ್ದರು.

"ಜೇಡ ಸತ್ತದ್ದಕ್ಕೆ ನಿಮ್ಮನ್ನ ಇವತ್ತೇ ಕ್ಷಮಿಸಬಹುದು" ಎಂದರು. "ಇಪ್ಪತ್ತೈದು ದಿನ ನನ್ನ ತಲೆ ಕೆಟ್ಟಿದೆ ಅಂತ ನಾನು ಅಂದ್ಕೊಂಡಿದ್ದೆ. ಅದನ್ನ ಬಾಗಿಲಲ್ಲಿ ನಿಂತು ನೋಡಿದೀರಿ. ಚಹಾ ಕುಡಿದೀರಿ. ಮಕ್ಕಳನ್ನ ವಾಪಸ್ ಕಳಿಸಿದಾಗ್ಲೂ ಇಲ್ಲೇ ಇದ್ರಿ."

"ಹೌದು."

"ಹೊರಗೆ ಹೋಗಿ."

ಹೊರಗೆ ಬಂದೆ.

ಮಾರ್ಚ್ 26, ಬುಧವಾರ

ಬೆಳಿಗ್ಗೆ ಅತ್ತೆ ನೋಟ್‌ಬುಕ್ ಹಿಡಿದು ಊಟದ ಮೇಜಿಗೆ ಬಂದರು. ನನ್ನವಳು ತಿಂಡಿ ಬಡಿಸುತ್ತಿದ್ದಳು.

"ಔಷಧಿಯ ಹೆಸರು ಹೇಳಿ."

ಹೇಳಿದೆ.

"ಎಷ್ಟು ಹೊತ್ತಿಗೆ ಹೊಡೆದಿರಿ? ಬಟ್ಟೆ ಎಷ್ಟು ಹೊತ್ತು ಹೊದಿಸಿತ್ತು? ಕಾಲು ನಡುಗಿದ್ದು ನೋಡಿದಿರಾ?"

ಎಲ್ಲ ಬರೆದುಕೊಂಡರು. ಫೆಬ್ರವರಿ 28ರ ಸಾಲನ್ನು ಅಳತೆಪಟ್ಟಿ ಇಟ್ಟು ಹೊಡೆದು ಹಾಕಿದರು. ನನ್ನವಳು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು.

"ಅಮ್ಮ, ಏನಿದು?"

"ನಿನ್ನ ಗಂಡನ್ನ ಕೇಳು. ಹೇಳೋಕೆ ಅವರಿಗೆ ಬಾಯಿ ಬಂದಿದೆ ಈಗ."

ಅವಳಿಗೂ ಮೊದಲಿನಿಂದ ಹೇಳಿದೆ. ಎರಡನೇ ಸಲ ಹೇಳುವುದು ಸುಲಭವಾಗುತ್ತದೆಂದುಕೊಂಡಿದ್ದೆ. ಇಲ್ಲ.

"ನಾನು ದಿನಾ ಗ್ಯಾಸ್ ಆರಿಸಿ ಹೋಗ್ತಿದ್ದೆ ರೀ" ಎಂದಳು. "ಅಮ್ಮನ್ನ ಮೂರು ವರ್ಷದ ಮಗು ಥರ ಮಾಡಿಬಿಟ್ಟೆ. ನೀವು ಪಕ್ಕದಲ್ಲೇ ನಿಂತು ಫ್ಲಾಸ್ಕ್ ತೊಳೆದು ಕೊಡ್ತಿದ್ರಿ."

ಹೌದು, ತೊಳೆದು ಕೊಡುತ್ತಿದ್ದೆ. ಅದನ್ನು ಇಲ್ಲಿ ಬರೆದಿರಲಿಲ್ಲ.

ಮಾರ್ಚ್ 29, ಶನಿವಾರ

ಇಬ್ಬರಿಗೂ ನನ್ನೊಡನೆ ಮಾತಿಲ್ಲ. ಬೇಕಾದ ಮಾತಷ್ಟೇ: ಉಪ್ಪು, ಬಾಗಿಲು, ಹಾಲಿನವನು. ಅತ್ತೆ ಒಲೆ ಹಚ್ಚಿ ಚಹಾ ಮಾಡಿದರು. ಎರಡೇ ಲೋಟ.

ಮೆಣಸು ಪೊರೆಯಿಂದ ಪೂರ್ತಿ ಹೊರಬಂದು ಮೈ ಗಟ್ಟಿ ಮಾಡಿಕೊಳ್ಳುತ್ತಿದೆ. ಈಗ ಅದನ್ನು ಮೆಣಸು ಎನ್ನುವಂತಿಲ್ಲ, ಕಡಲೆಯಷ್ಟಾಗಿದೆ. ನನ್ನನ್ನು ಆ ಕೋಣೆಗೆ ಯಾರೂ ಕರೆಯುತ್ತಿಲ್ಲ, ಬಾಗಿಲಿಂದಲೇ ನೋಡಿದೆ. ಬಿಟ್ಟ ಪೊರೆಯನ್ನು ಅತ್ತೆ ಹತ್ತಿಯ ಮೇಲಿಟ್ಟಿದ್ದಾರೆ. ಕಾಲಿನ ಒಂದೊಂದು ಗೆಣ್ಣೂ ಹಾಗೇ ಇದೆ, ಒಳಗೆ ಯಾರೂ ಇಲ್ಲ.

ಏಪ್ರಿಲ್ 2, ಬುಧವಾರ

ಡಾಕ್ಟರ ಭೇಟಿಯನ್ನು ರದ್ದು ಮಾಡೋಣವೆಂದಳು ನನ್ನವಳು. ಅತ್ತೆ ಕೇಳಲಿಲ್ಲ.

"ಸರಿಯಿದೆ ಅಂತ ಅಳಿಯಂದ್ರ ಬಾಯಲ್ಲಿ ಕೇಳಿದ್ರೆ ಸಾಕಾ? ಬೇರೆಯವರ ಬಾಯಲ್ಲೂ ಕೇಳ್ತೀನಿ."

ಮಗಳ ಜೊತೆ ಹೋಗಿ ಬಂದರು. ನಾನು ಮೂರು ಸಲ ಬಾಗಿಲು ತೆರೆದು ನೋಡಿದ್ದೆ. ಕೇಳುವ ಧೈರ್ಯವಿರಲಿಲ್ಲ. ಅತ್ತೆಯೇ ಚಪ್ಪಲಿ ಬಿಡುತ್ತ ಹೇಳಿದರು.

"ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದ್ರು. ಹೇಳಿದೆ. ನೂರರಿಂದ ಏಳೇಳು ಕಳೀತಾ ಬನ್ನಿ ಅಂದ್ರು. ಅವರೇ ಸಾಕು ಅನ್ನೋವರೆಗೂ ಕಳೆದೆ. ಏನೂ ತೊಂದರೆ ಇಲ್ವಂತೆ."

"ಒಳ್ಳೇದಾಯ್ತು ಅತ್ತೆ."

"ಒಳ್ಳೇದೇ. ಆದ್ರೆ ಒಂದೊಂದು ಉತ್ತರ ಹೇಳೋ ಮುಂಚೇನೂ ಕೈ ಬೆವರ್ತಿತ್ತು. ಮೊದಲು ಹೀಗಿರಲಿಲ್ಲ."

ಒಳಗೆ ಹೋದರು. ನಾನು ಅವರ ಚಪ್ಪಲಿಯನ್ನು ಜೋಡಿಸಿಟ್ಟೆ, ಸರಿಯಾಗಿಯೇ ಇದ್ದವು.

ಏಪ್ರಿಲ್ 5, ಶನಿವಾರ

ಅತ್ತೆ ಬೀದಿಯ ಮಕ್ಕಳಿಗೆ ಹತ್ತೂವರೆಗೆ ಬರಲು ಹೇಳಿದ್ದರು. ಅಷ್ಟರೊಳಗೆ ಸೀಮೆಸುಣ್ಣ ತರಲು ಒಬ್ಬರೇ ಅಂಗಡಿಗೆ ಹೊರಟರು. ನನ್ನವಳು ಕ್ಲಿನಿಕ್ಕಿಗೆ ಹೋಗಿಯಾಗಿತ್ತು. ಉದ್ದಣ್ಣನೂ ನಾನೂ ಎದುರು ಮನೆಯ ಕೆಲಸ ಮುಗಿಸಿ, ವ್ಯಾನ್ ಹತ್ತಿ ಕೂತಿದ್ದೆವು.

ಅತ್ತೆ ಬೀಗ ಹಾಕಿದರು, ಎಳೆದು ನೋಡಿದರು. ಗೇಟಿನವರೆಗೆ ಬಂದು ನಿಂತರು. ಹಿಂದಿರುಗಿ ಹೋಗಿ ಬೀಗ ಎಳೆದರು. ಮತ್ತೆ ಗೇಟು. ಮತ್ತೆ ಹಿಂದೆ. ಮೂರನೇ ಸಲ ಬೀಗದ ಮೇಲೆ ಕೈಯಿಟ್ಟು ನಿಂತೇ ಇದ್ದರು, ತುಟಿ ಅಲುಗುತ್ತಿತ್ತು. ಪಾಠ ಒಪ್ಪಿಸುವ ಮಗುವಿನ ಹಾಗೆ.

"ನಿಮ್ಮತ್ತೆ ಏನಾದ್ರೂ ಮರೆತ್ರೇನೋ?" ಎಂದ ಉದ್ದಣ್ಣ.

"ಇಲ್ಲ. ಅವರು ಏನೂ ಮರೆತಿಲ್ಲ."

"ಮತ್ತೆ ಆ ಬೀಗಾನ ಯಾಕೆ ಅಷ್ಟು ಸಲ ಎಳೀತಾರೆ?"

"ನನ್ನಿಂದ."

ಅವನು ವ್ಯಾನ್ ಹೊರಡಿಸಲಿಲ್ಲ, ನನ್ನ ಕಡೆ ತಿರುಗಿ ಕೂತ. ನಾನು ಇರುವೆ ಸಾಲಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದಂತೆ ಅತ್ತೆ ಗೇಟು ದಾಟಿ ಬೀದಿಗೆ ಬಂದರು. ನಮ್ಮನ್ನು ನೋಡಿದರು, ತಲೆಯಾಡಿಸಲಿಲ್ಲ. ನಡೆದರು. ಬೀದಿಯ ತಿರುವಿನಲ್ಲಿ ಇನ್ನೊಮ್ಮೆ ನಿಂತರು. ಚೀಲದೊಳಗೆ ಕೈ ಹಾಕಿ ಬೀಗದ ಕೈಯನ್ನು ಮುಟ್ಟಿ ನೋಡಿದಂತಿತ್ತು. ನಾನು ಮಾತು ನಿಲ್ಲಿಸಿದೆ. ಉದ್ದಣ್ಣನೂ ಅತ್ತಲೇ ನೋಡುತ್ತಿದ್ದ.

ಅತ್ತೆ ಹಿಂದಿರುಗಲಿಲ್ಲ. ತಿರುವು ದಾಟಿ ಹೋದರು.